ವಾರಸುದಾರರಿಲ್ಲದ ಕೈ

ಎಲ್ಲಕ್ಕೂ ಮೂಲ ಒಂದು ಕತ್ತರಿ. ಶುಕ್ರವಾರ ಅಥೆನ್ಸಿನ ಒಂದು ಪತ್ರಿಕಾ ಕಚೇರಿಯಲ್ಲಿ ಯಾರೋ ಒಬ್ಬ ಉಪಸಂಪಾದಕ ಒಂದು ಫೋಟೋದ ಬಲ ಅರ್ಧವನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ಬುಟ್ಟಿಗೆ ಬಿದ್ದ ಅರ್ಧದಲ್ಲಿ ಮಂತ್ರಿಯಿದ್ದರು. ಉಳಿದ ಅರ್ಧದಲ್ಲಿ ನಗುತ್ತಿರುವ ಒಬ್ಬ ಗಾಯಕಿ, ಅವಳ ಕಡೆಗೆ ಬಾಗಿ ವೈನ್ ಸುರಿಯುತ್ತಿರುವ ಒಬ್ಬ ಮಾಣಿ. ತೊಡಕಾದದ್ದು ಮಂತ್ರಿಯ ಕೈಯಿಂದ. ಅದು ಗಾಯಕಿಯ ಬೆನ್ನ ಹಿಂದಿನಿಂದ ಬಳಸಿ ಬಂದು ಅವಳ ಆಚೆ ಭುಜದ ಮೇಲೆ, ಅಂದರೆ ಮಾಣಿಯ ಪಕ್ಕದಲ್ಲಿ, ಕೂತಿತ್ತು. ಅದನ್ನು ತೆಗೆಯಬೇಕಾದರೆ ಗಾಯಕಿಯ ಭುಜವನ್ನೂ ತೆಗೆಯಬೇಕು. ಭುಜವಿಲ್ಲದ ಗಾಯಕಿ ಯಾರಿಗೆ ಬೇಕು? ಹಾಗಾಗಿ ಕೈ ಉಳಿಯಿತು. ಮಾಲೀಕನಿಲ್ಲದ ಕೈ ಬಸ್ ನಿಲ್ದಾಣದಲ್ಲಿ ಬಿಟ್ಟುಹೋದ ಪೆಟ್ಟಿಗೆಯ ಹಾಗೆ. ಪಕ್ಕದಲ್ಲಿ ನಿಂತವನದ್ದೇ ಎಂದು ಎಲ್ಲರೂ ತಿಳಿಯುತ್ತಾರೆ.

ಪಕ್ಕದಲ್ಲಿ ನಿಂತವನು ನಮ್ಮ ದ್ವೀಪದ ಲಾಂಬ್ರೊಸ್.

ಶನಿವಾರ ಬೆಳಿಗ್ಗೆ ಏಳರ ಹಡಗಿಗೆ ಪತ್ರಿಕೆ ಬಂತು. ಗೂಡಂಗಡಿಯ ಮಿಲ್ತೋಸ್ ಎಂದಿನಂತೆ ಒಂದೊಂದು ಪ್ರತಿಯನ್ನು ಬಟ್ಟೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ತೂಗುಹಾಕಿದ. ಕೊಳ್ಳುವವರು ನಾಲ್ವರಾದರೆ ನಿಂತು ಓದುವವರು ನಲವತ್ತು ಮಂದಿ. ಲಾಂಬ್ರೊಸ್ ಬಂದದ್ದು ಶಿಲುಬೆಯ ಗುರುತಿರುವ ಪುಟ್ಟ ಕಾಗದದ ಚೀಲಗಳಿಗಾಗಿ. ಆ ಸಂಜೆ ಆರಕ್ಕೆ ಅವನ ಹೆಂಡತಿ ಅಸಿಮೀನಾಳ ನಲವತ್ತನೆಯ ದಿನದ ಪ್ರಾರ್ಥನೆ. ಬೇಯಿಸಿದ ಗೋಧಿಗೆ ಬಾದಾಮಿ, ದಾಳಿಂಬೆ ಬೆರೆಸಿ, ಮೇಲೆ ಸಕ್ಕರೆ ಪುಡಿ ಹಾಸಿ ಪಾದ್ರಿಯ ಮುಂದಿಡಬೇಕು, ಆಮೇಲೆ ಬಂದವರಿಗೆಲ್ಲ ಒಂದೊಂದು ಚೀಲ ಹಂಚಬೇಕು. ಆಗಸ್ಟಿನ ಬಿಸಿಲಲ್ಲಿ, ಊರೆಲ್ಲ ಪ್ರವಾಸಿಗರ ಹಿಂದೆ ಓಡುತ್ತಿದ್ದಾಗ ಸತ್ತವಳು ಅವಳು. ಮಣ್ಣಿಗೆ ಬಂದದ್ದು ಹನ್ನೊಂದು ಜನ, ಪಾದ್ರಿಯನ್ನೂ ಸೇರಿಸಿ.

"ಎಷ್ಟು ಚೀಲ?" ಎಂದ ಮಿಲ್ತೋಸ್.

"ಮೂವತ್ತು ಕೊಡು. ಈ ಸಲವಾದ್ರೂ ಬರ್ತಾರೇನೋ."

ಮಿಲ್ತೋಸ್ ಚೀಲ ಎಣಿಸುವುದನ್ನು ನಿಲ್ಲಿಸಿ ಹಗ್ಗದ ಕಡೆ ನೋಡಿದ. "ಲಾಂಬ್ರೊಸ್, ಆ ಕಡೆ ತಿರುಗಬೇಡ."

ಹಾಗೆಂದರೆ ಯಾರು ತಿರುಗುವುದಿಲ್ಲ? ಹಗ್ಗದ ಮೇಲೆ ಲಾಂಬ್ರೊಸ್ ತೂಗುತ್ತಿದ್ದ. ಬಿಳಿ ಕೋಟು, ಕರಿ ಬೋ ಟೈ, ನುಣ್ಣಗೆ ಬೋಳಿಸಿದ ಗಲ್ಲ. ಮೇಲೆ ಮುಷ್ಟಿ ಗಾತ್ರದ ಅಕ್ಷರ: 'ಗಾಯಕಿಯ ಜೊತೆಗಿದ್ದವನು ಮಂತ್ರಿಯಲ್ಲ, ಮಾಣಿ.' ಕೆಳಗೆ ಸಣ್ಣದಾಗಿ: 'ಕಳೆದ ವಾರ ಕಡಲತೀರದ ಹೋಟೆಲೊಂದರಲ್ಲಿ ನಡೆದ ಮೋಜಿನ ಕೂಟ. ಸುಳ್ಳು ಸುದ್ದಿ ಹಬ್ಬಿಸುವವರಿಗೆ ಈ ಚಿತ್ರವೇ ಉತ್ತರ.' ಅದರ ಪಕ್ಕದಲ್ಲಿ ಖಾಸಗಿ ಬದುಕಿನ ಪಾವಿತ್ರ್ಯದ ಬಗ್ಗೆ ಒಂದು ಅಗ್ರಲೇಖನ. ಇದೇ ಪತ್ರಿಕೆ ಏಪ್ರಿಲ್‌ನಲ್ಲಿ ವಿರೋಧ ಪಕ್ಷದ ಒಬ್ಬ ಸದಸ್ಯನ ಪ್ರೇಮ ಪ್ರಕರಣವನ್ನು ಹನ್ನೆರಡು ದಿನ ಬರೆದಿತ್ತು, ಅವನ ಅತ್ತೆಯ ಸಂದರ್ಶನ ಹಾಕಿತ್ತು, ಮಗಳ ಶಾಲೆಯ ಗೇಟಿನ ಚಿತ್ರವನ್ನೂ ಹಾಕಿತ್ತು.

"ಇದು ಜುಲೈನ ಫೋಟೋ," ಎಂದ ಲಾಂಬ್ರೊಸ್. "ಅಸಿಮೀನಾ ಆಸ್ಪತ್ರೇಲಿದ್ಲು. ನಾನು ಹೋಟೆಲಲ್ಲಿ ಕೆಲಸಕ್ಕೆ ಹೋಗ್ತಿದ್ದೆ. ಆ ಕೈ ನಂದಲ್ಲ."

"ಮತ್ತೆ ನಿನ್ನ ಕೈ ಎಲ್ಲಿ?"

"ಒಂದರಲ್ಲಿ ಬಾಟಲಿ. ಇನ್ನೊಂದು ಬೆನ್ನ ಹಿಂದೆ. ಮಾಣಿಗಳು ಹಾಗೇ ನಿಲ್ಲಬೇಕು."

ಅಷ್ಟರಲ್ಲಿ ಜನ ಸೇರಿತ್ತು. ಲಾಂಬ್ರೊಸ್ ನಿಂಬೆ ಷರಬತ್ತಿನ ಬಾಟಲಿಯೊಂದನ್ನು ಹಿಡಿದು ಚೌಕದ ನಡುವೆ ಬಾಗಿ ನಿಂತು ತೋರಿಸಿದ. ಎಡಗೈ ಬೆನ್ನ ಹಿಂದೆ ಇತ್ತು. ನೋಡುತ್ತಿದ್ದವರು ಅವನ ಬೆನ್ನ ಹಿಂದಕ್ಕೂ ಹೋಗಿ ಪರೀಕ್ಷಿಸಿದರು.

"ಕೈ ಉದ್ದ ಇದೆ. ಎಟುಕತ್ತೆ," ಎಂದರು ಒಬ್ಬರು.

"ಆ ಕೈಯಲ್ಲಿ ಉಂಗುರ ಇದೆ ನೋಡಿ. ಅಂಗಿ ತೋಳಿಗೆ ಚಿನ್ನದ ಗುಂಡಿ ಇದೆ. ನನ್ನ ಹತ್ರ ಎಲ್ಲಿಂದ ಬರ್ಬೇಕು?"

"ಅಂಥವಳ ಜೊತೆ ಹೋಗುವಾಗ ಯಾರಾದ್ರೂ ಇಸ್ಕೊಂಡು ಹೋಗ್ತಾರೆ."

ನಮ್ಮ ಚೌಕದಲ್ಲಿ ಎರಡು ಕಾಫಿ ಅಂಗಡಿ. ಮೇಲಿನದು ಆಳುವ ಪಕ್ಷದವರದು, ಕೆಳಗಿನದು ವಿರೋಧ ಪಕ್ಷದವರದು. ಮೇಲಿನ ಅಂಗಡಿಯ ಫಾನಿಸ್ ಓಡಿ ಬಂದು ಲಾಂಬ್ರೊಸ್‌ನನ್ನು ತಬ್ಬಿಕೊಂಡ. "ಪಕ್ಷದ ಮಾನ ಉಳಿಸಿದೆ ಕಣೋ. ಬಾ, ಕಾಫಿ ಕುಡಿ."

"ಫಾನಿಸ್, ಅದು ನನ್ನ ಕೈ ಅಲ್ಲ."

"ಗೊತ್ತು ಮಾರಾಯ, ನಂಗೇನು ಕಣ್ಣಿಲ್ವಾ? ಆದ್ರೂ ನಿಂದೇ ಅಂತಿರ್ಲಿ ಬಿಡು. ಮಂತ್ರಿಗಾದ್ರೆ ಖಾತೆ ಹೋಗತ್ತೆ. ನಿಂಗೆ ಹೋಗೋಕೆ ಏನಿದೆ?"

ಹೋಗಲಿಕ್ಕೆ ಏನಿದೆ ಎಂಬುದು ಲಾಂಬ್ರೊಸ್‌ಗೆ ಹತ್ತು ನಿಮಿಷದಲ್ಲಿ ತಿಳಿಯಿತು. ಅಸಿಮೀನಾಳ ಅಕ್ಕ ಪೊಲಿಕ್ಸೆನಿಯ ಮನೆ ಚರ್ಚಿನ ಎದುರಿಗೇ. ಗೋಧಿ ಬೇಯಿಸಿದವಳು ಅವಳೇ. ಹಜಾರದ ಮೇಜಿನ ತುಂಬ ಬಿಳಿ ಬಟ್ಟೆಯ ಮೇಲೆ ಹರಡಿದ ಗೋಧಿ ಆರುತ್ತಿತ್ತು. ಪಕ್ಕದ ಮನೆಯವರು ಪತ್ರಿಕೆಯನ್ನು ಆಗಲೇ ತಂದು ಕೊಟ್ಟಿದ್ದರು. ಮಡಚಿದ ಪತ್ರಿಕೆ ಗೋಧಿಯ ಪಕ್ಕದಲ್ಲಿತ್ತು. ಪೊಲಿಕ್ಸೆನಿ ಅಡ್ಡಗಟ್ಟಿ ನಿಂತಳು.

"ಗೋಧಿ ಇಲ್ಲ."

"ಅಕ್ಕ, ಇಲ್ಲೇ ಇದೆಯಲ್ಲ."

"ನಿಂಗೆ ಇಲ್ಲ. ನನ್ನ ತಂಗಿ ಹೆಸರಲ್ಲಿ ನಿನ್ನ ಕೈಯಿಂದ ಗೋಧಿ ಹಂಚೋದು ನಾನು ನೋಡಬೇಕಾ? ಕಳೆದ ವಾರವಂತೆ. ಮಣ್ಣು ಇನ್ನೂ ಒಣಗಿಲ್ಲ."

ಲಾಂಬ್ರೊಸ್‌ಗೆ ಆಗ ಹೊಳೆಯಿತು. ನಲವತ್ತು ದಿನ ಸೂತಕದಲ್ಲಿ ಬಿಟ್ಟ ಗಡ್ಡ ಗಲ್ಲದ ಮೇಲೆ ಗುಬ್ಬಿ ಗೂಡಿನಂತೆ ಕೂತಿತ್ತು. ಎರಡೂ ಕೈಯಿಂದ ಅದನ್ನು ಹಿಡಿದು ಎಳೆದ.

"ನೋಡಕ್ಕ, ಫೋಟೋದಲ್ಲಿ ಗಡ್ಡ ಇದೆಯಾ? ಇಲ್ಲ. ಅಂದ್ರೆ ಕಳೆದ ವಾರ ಅಲ್ಲ. ಪತ್ರಿಕೆಯೋರು ಸುಳ್ಳು ಬರೆದಿದ್ದಾರೆ. ಇದು ಜುಲೈದು."

ಪೊಲಿಕ್ಸೆನಿ ಫೋಟೋ ನೋಡಿದಳು. ಗಡ್ಡ ನೋಡಿದಳು. ಅವಳ ಮುಖ ಸಡಿಲವಾದಂತೆ ಕಂಡಿತು, ಆಮೇಲೆ ಬಿಳುಚಿತು.

"ಜುಲೈ ಅಂದ್ರೆ ಅವಳು ಬದುಕಿದ್ಲು," ಎಂದಳು. "ಅವಳು ಬದುಕಿದ್ದಾಗಲೇ."

ಬಾಗಿಲು ಮುಚ್ಚಿತು. ಇದಕ್ಕಿಂತ ಕಳೆದ ವಾರವೇ ವಾಸಿಯಿತ್ತು ಎಂದುಕೊಂಡು ಲಾಂಬ್ರೊಸ್ ಮೆಟ್ಟಿಲಿಳಿದ.

ಗೂಡಂಗಡಿಯ ಮೀಟರ್ ಫೋನಿನಿಂದ ಪತ್ರಿಕೆಗೆ ಕರೆ ಮಾಡಿದ. ಹಿಂದೆ ಸರದಿಯಲ್ಲಿ ನಿಂತವರು ತಮ್ಮ ಕರೆ ಮರೆತು ಇವನ ಕರೆ ಕೇಳುತ್ತಿದ್ದರು.

"ನಿಮ್ಮ ಹೆಸರನ್ನ ನಾವು ಹಾಕೇ ಇಲ್ವಲ್ಲ," ಎಂದಿತು ಆ ಕಡೆಯ ದನಿ, ಬಹಳ ಸೌಜನ್ಯದಿಂದ.

"ಮುಖ ಹಾಕಿದ್ದೀರಿ ಸ್ವಾಮಿ. ಆ ಕೈ ನಂದಲ್ಲ."

"ಮತ್ತೆ ಯಾರದು?"

"ಮಂತ್ರಿಗಳದು."

"ಸಾಕ್ಷಿ ಇದೆಯಾ? ಸಾಕ್ಷಿ ಇಲ್ಲದೆ ಯಾರ ಮೇಲೂ ಬರೆಯೋದು ನಮ್ಮ ಪದ್ಧತಿಯಲ್ಲ."

"ನನ್ನ ಮೇಲೆ ಬರೆದಿದ್ದೀರಲ್ಲ?"

"ನಿಮ್ಮದು ಫೋಟೋ ಇದೆಯಲ್ಲ ಸ್ವಾಮಿ."

ಫೋನಿಟ್ಟಾಗ ಎದುರಿಗೆ ಔಷಧಿ ಅಂಗಡಿಯ ಸರಾಂತಿಸ್ ನಿಂತಿದ್ದ. ಕೆಳಗಿನ ಕಾಫಿ ಅಂಗಡಿಯ ಮುಖಂಡ ಅವನು, ವಿರೋಧ ಪಕ್ಷದ ಸ್ಥಳೀಯ ಕಾರ್ಯದರ್ಶಿ. ಲಾಂಬ್ರೊಸ್‌ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದ.

"ನಿನ್ನ ಮರ್ಯಾದೆ ನಮ್ಮ ಜವಾಬ್ದಾರಿ. ಇಡೀ ಫೋಟೋ ನಮ್ಮ ಸಂಜೆ ಪತ್ರಿಕೆಯವರ ಹತ್ರ ಇದೆ. ಮಂತ್ರಿ, ಹುಡುಗಿ, ಉಂಗುರ, ಗುಂಡಿ, ಎಲ್ಲ. ನಾಲ್ಕರ ಹಡಗಿಗೆ ಬರತ್ತೆ. ಸ್ವಲ್ಪ ತಾಳ್ಮೆ ಇರ್ಲಿ."

ಲಾಂಬ್ರೊಸ್‌ನ ಕಣ್ಣು ತುಂಬಿ ಬಂತು. ಏಪ್ರಿಲ್‌ನಲ್ಲಿ ಖಾಸಗಿ ಬದುಕಿನ ಪಾವಿತ್ರ್ಯದ ಬಗ್ಗೆ ಬರೆದದ್ದು ಇದೇ ಸಂಜೆ ಪತ್ರಿಕೆ ಎಂಬುದು ಅವನಿಗೆ ಆಗ ನೆನಪಾಗಲಿಲ್ಲ. ನೆನಪಾದದ್ದು ಮಿಲ್ತೋಸ್‌ಗೆ. "ಅದೇ ಲೇಖನ ಕಣಯ್ಯ," ಎಂದ ಅವನು ಆಮೇಲೆ. "ಆಗ ಸಂಜೆ ಪತ್ರಿಕೆಯೋರು ಹಾಕಿದ್ದನ್ನ ಈಗ ಬೆಳಗಿನೋರು ಇಸ್ಕೊಂಡಿದ್ದಾರೆ, ಅಕ್ಕಪಕ್ಕದ ಮನೆಯೋರು ಏಣಿ ಇಸ್ಕೊಂಡ ಹಾಗೆ."

ನಾಲ್ಕರವರೆಗೆ ಸುಮ್ಮನೆ ಕೂರಲಾರದೆ ಲಾಂಬ್ರೊಸ್ ಪಾದ್ರಿ ಫೋತಿಸ್‌ರನ್ನು ಕಂಡ. "ಗೋಧಿ ಇದ್ರೆ ಸಾಕಪ್ಪ," ಎಂದರು ಅವರು, ಪತ್ರಿಕೆಯನ್ನು ನಿಲುವಂಗಿಯ ಮಡಿಕೆಗೆ ಸರಿಸುತ್ತ. "ಯಾರು ಬೇಯಿಸಿದ್ರು ಅಂತ ದೇವರು ಕೇಳಲ್ಲ."

ಲಾಂಬ್ರೊಸ್ ಎರಡು ಕಿಲೋ ಗೋಧಿ ತಂದು ಒಲೆಯ ಮೇಲಿಟ್ಟ. ಇಪ್ಪತ್ತೆಂಟು ವರ್ಷ ಅಸಿಮೀನಾ ನಿಂತ ಜಾಗದಲ್ಲಿ ನಿಂತು, ಯಾವ ಡಬ್ಬಿಯಲ್ಲಿ ಏನಿದೆಯೆಂದು ತಿಳಿಯದೆ ಎಲ್ಲ ಮುಚ್ಚಳ ತೆಗೆದ. ಒಂದು ಡಬ್ಬಿಯಲ್ಲಿ ಅವಳ ಕೈಬರಹದ ಚೀಟಿ ಸಿಕ್ಕಿತು: 'ಇದು ಉಪ್ಪು, ಲಾಂಬ್ರೊಸ್. ಸಕ್ಕರೆ ಕೆಳಗಿದೆ.' ಆಸ್ಪತ್ರೆಗೆ ಹೋಗುವ ಮೊದಲು ಬರೆದಿಟ್ಟದ್ದಿರಬೇಕು. ಅವನು ಆ ಚೀಟಿಯನ್ನು ಹಿಡಿದು ಕುರ್ಚಿಯ ಮೇಲೆ ಕೂತ. ಎದ್ದಾಗ ಗೋಧಿಯ ತಳ ಹೊತ್ತಿತ್ತು, ಮೇಲಿನದು ಗೋಡೆಗೆ ಪೋಸ್ಟರ್ ಅಂಟಿಸುವ ಅಂಟಿನಂತಾಗಿತ್ತು. ಅದನ್ನೇ ತಟ್ಟೆಗೆ ಸುರಿದ. ಹಡಗಿನ ಕೂಗು ಕೇಳಿಸಿತು.

ದಕ್ಕೆಯ ಮೇಲೆ ಅರ್ಧ ಊರು ಕಾಯುತ್ತಿತ್ತು. ಸರಾಂತಿಸ್ ತಾನೇ ಕಟ್ಟು ಬಿಚ್ಚಿದ. ಮುಖಪುಟದ ತುಂಬ ಮಂತ್ರಿ. ಅಷ್ಟು ದೊಡ್ಡ ಮಂತ್ರಿಯನ್ನು ನಮ್ಮೂರವರು ನಿಜದಲ್ಲೂ ನೋಡಿರಲಿಲ್ಲ. ಹಲ್ಲು, ಮೂಗಿನ ಕೂದಲು, ಅಂಗಿಯ ಮೇಲಿನ ವೈನ್ ಕಲೆ. ಪಕ್ಕದಲ್ಲಿ ಗಾಯಕಿಯ ಅರ್ಧ ಮುಖ. ಮಂತ್ರಿಯ ತೋಳು ಅವಳ ಬೆನ್ನ ಹಿಂದೆ ಹೋಗುತ್ತಿತ್ತು. ಹೋಗುತ್ತಿತ್ತು, ತಲುಪುತ್ತಿರಲಿಲ್ಲ, ಅಲ್ಲಿಗೆ ಚಿತ್ರ ಮುಗಿದು ಬಟ್ಟೆ ಒಗೆಯುವ ಯಂತ್ರದ ಜಾಹೀರಾತು ಶುರುವಾಗಿತ್ತು.

"ನಾನೆಲ್ಲಿ?" ಎಂದ ಲಾಂಬ್ರೊಸ್.

"ನೀನ್ಯಾಕೆ?" ಸರಾಂತಿಸ್‌ಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಸರ್ಕಾರ ಬೀಳೋ ಹೊತ್ತಲ್ಲಿ ಮಾಣೀನ ಯಾರು ನೋಡ್ತಾರೆ ಮಾರಾಯ?"

ಲಾಂಬ್ರೊಸ್ ಎರಡೂ ಪತ್ರಿಕೆ ಕೊಂಡು ಬೆಂಚಿನ ಮೇಲೆ ಹರಡಿ ಎರಡು ಅರ್ಧಗಳನ್ನು ಜೋಡಿಸಲು ನೋಡಿದ. ಸೇರಲಿಲ್ಲ. ಸಂಜೆಯ ಚಿತ್ರ ಹಿಗ್ಗಿಸಿದ್ದು, ಬೆಳಗಿನದು ಕುಗ್ಗಿಸಿದ್ದು. ಮಂತ್ರಿಯ ತೋಳು ಮರದ ಕಾಂಡದಷ್ಟು, ಅದರ ತುದಿಯಲ್ಲಿ ಕೂಸಿನ ಕೈ. ಮೇಲಿನ ಅಂಗಡಿಯವರು ಬಂದು ನೋಡಿ ಅದು ಬೇರೆ ಚಿತ್ರವೆಂದರು. ಕೆಳಗಿನ ಅಂಗಡಿಯವರು ಅದು ಬೇರೆ ದಿನವೆಂದರು. ಆ ದಿನ ಮೊದಲ ಬಾರಿಗೆ ಎರಡೂ ಅಂಗಡಿಯವರು ಒಂದು ವಿಷಯ ಒಪ್ಪಿದರು: ಒಂದು ದಿನ ಮಂತ್ರಿ, ಇನ್ನೊಂದು ದಿನ ಲಾಂಬ್ರೊಸ್.

"ಮಂತ್ರಿಯನ್ನೇ ಹಿಂದೆ ಹಾಕಿದೆಯಲ್ಲೋ," ಎಂದು ಯಾರೋ ಬೆನ್ನು ತಟ್ಟಿದರು.

ಆರಕ್ಕೆ ಐದು ನಿಮಿಷವಿದ್ದಾಗ ಲಾಂಬ್ರೊಸ್ ಅಂಟಿನ ತಟ್ಟೆಯನ್ನು ಬಟ್ಟೆಯಲ್ಲಿ ಮುಚ್ಚಿ ಚರ್ಚಿಗೆ ನಡೆದ. ಪಾದ್ರಿ, ದೀಪ ಹಚ್ಚುವ ಮುದುಕಿ, ತಾನು, ಇಷ್ಟೇ ಆಗುವುದು. ಮಣ್ಣಿಗೆ ಬಂದವರಿಗಿಂತಲೂ ಎಂಟು ಕಡಿಮೆ ಎಂದು ಲೆಕ್ಕ ಹಾಕಿಕೊಂಡು ಬಾಗಿಲು ತಳ್ಳಿದ.

ಬಾಗಿಲು ತೆರೆಯಲಿಲ್ಲ. ಒಳಗೆ ಅಷ್ಟು ಜನ.

ಮೇಲಿನ ಅಂಗಡಿಯವರು ಎಡಗಡೆ, ಕೆಳಗಿನವರು ಬಲಗಡೆ. ದ್ವೀಪದ ಆಚೆ ಬದಿಯ ಹಳ್ಳಿಯಿಂದ ಒಂದು ಲಾರಿ ತುಂಬ ಜನ ಬಂದಿದ್ದರು. ಅಸಿಮೀನಾಳನ್ನು ಕಂಡೇ ಇರದ ಬ್ಯಾಂಕಿನ ಗುಮಾಸ್ತರು ಹೆಂಡತಿಯರಿಗೆ ಒಳ್ಳೆ ಬಟ್ಟೆ ಉಡಿಸಿ ಕರೆತಂದಿದ್ದರು. ಲಾಂಬ್ರೊಸ್ ನಡುವೆ ಹಾದು ಹೋದಾಗ ಇನ್ನೂರು ತಲೆಗಳು ಸೂರ್ಯಕಾಂತಿ ಹೊಲದ ಹಾಗೆ ಅವನೊಂದಿಗೇ ತಿರುಗಿದವು. ಪಾದ್ರಿ ತಟ್ಟೆಯ ಬಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚಿದರು.

ಆಗ ಹಿಂದೆ ಜನ ದಾರಿ ಬಿಟ್ಟರು. ಪೊಲಿಕ್ಸೆನಿ ಬರುತ್ತಿದ್ದಳು. ಕೈಯಲ್ಲಿ ದೊಡ್ಡ ತಟ್ಟೆ, ಬಿಳಿ ಸಕ್ಕರೆ, ಅದರ ಮೇಲೆ ಬೆಳ್ಳಿ ಗುಂಡುಗಳಲ್ಲಿ ಬರೆದ ಅಸಿಮೀನಾ ಎಂಬ ಹೆಸರು. ತನ್ನ ಮನೆ ಕಿಟಕಿಯಿಂದ ಜನರನ್ನು ನೋಡಿ ಬಂದಿದ್ದಳು. ಅಂಟಿನ ತಟ್ಟೆಯನ್ನು ಮೊಣಕೈಯಿಂದ ಸರಿಸಿ ತನ್ನದನ್ನು ಇಟ್ಟಳು.

ಪ್ರಾರ್ಥನೆ ಮುಗಿದ ಮೇಲೆ ಲಾಂಬ್ರೊಸ್ ಬಾಗಿಲ ಬಳಿ ನಿಂತ. ಗೂಡಂಗಡಿಯ ಮಿಲ್ತೋಸ್ ಜನರ ನಡುವೆ ನುಗ್ಗಿ ಬಂದು ಅವನ ಕಿವಿಯಲ್ಲಿ ಹೇಳಿದ: "ನೀನು ಹೇಳಿದ್ದು ನಿಜ ಕಣೋ. ಎರಡನ್ನೂ ಅಕ್ಕಪಕ್ಕ ತೂಗುಹಾಕಿದ್ನಲ್ಲ, ಆಗ ಕಂಡೆ. ಮೇಜುಬಟ್ಟೆ ಮೇಲೆ ಒಂದೇ ಕಲೆ. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಒಂದೇ ಫೋಟೋ. ತಾಳು, ಪೊಲಿಕ್ಸೆನಿಗೆ ಈಗಲೇ ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ."

ಬೆಳಗಿನಿಂದ ಲಾಂಬ್ರೊಸ್ ಕಾದಿದ್ದ ಮಾತು ಅದು. ಅವನು ಪೊಲಿಕ್ಸೆನಿಯ ಕಡೆ ನೋಡಿದ. ಅವಳು ಚೀಲಗಳಿಗೆ ಗೋಧಿ ತುಂಬುತ್ತಿದ್ದಳು. ಚೀಲ ಮುಗಿದು ಜನರ ಬೊಗಸೆಗೇ ಹಾಕುತ್ತಿದ್ದಳು. ಅಳುತ್ತಿದ್ದಳು, ಆದರೆ ಮುಖ ಅರಳಿತ್ತು.

"ಎಷ್ಟು ಜನ ನೋಡು," ಎಂದಳು, ಬೆಳಿಗ್ಗೆ ಬಾಗಿಲು ಮುಚ್ಚಿದ ಮೇಲೆ ಮೊದಲ ಬಾರಿಗೆ ಅವನ ಕಡೆ ತಿರುಗಿ. "ನೀನು ಅವಳಿಗೆ ಏನು ಮಾಡಿದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಬಂದಿದ್ದಾರೆ. ಪಾಪ ಅನ್ಸಿ ಬಂದಿದ್ದಾರೆ. ಆಗಸ್ಟಲ್ಲಿ ಯಾರೂ ಬರ್ಲಿಲ್ಲ ಅಂತ ನಾನು ಕೊರಗಿದ್ದೆ. ಊರಿಗೆ ಅವಳ ಮೇಲೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ."

ಲಾಂಬ್ರೊಸ್ ಮಿಲ್ತೋಸ್‌ನ ಅಂಗಿ ತೋಳು ಹಿಡಿದ.

"ಬೇಡ," ಎಂದ.

"ಅಲ್ಲಯ್ಯ, ನಿನ್ನ..."

"ಬೇಡ ಮಿಲ್ತೋಸ್. ಅಂಗಡಿಗೆ ಹೋಗು. ಆ ಎರಡನ್ನೂ ತೆಗೆದುಬಿಡು." ಆಮೇಲೆ ಪೊಲಿಕ್ಸೆನಿಗೆ, "ಹೌದಕ್ಕ, ಎಲ್ಲ ಅವಳಿಗೋಸ್ಕರವೇ ಬಂದಿದ್ದು."

ಅವಳು ಕಣ್ಣೊರೆಸಿಕೊಂಡು ಖಾಲಿ ತಟ್ಟೆ ನೋಡಿದಳು. ಲಾಂಬ್ರೊಸ್‌ಗೆ ಒಂದು ಕಾಳೂ ಉಳಿದಿರಲಿಲ್ಲ.

"ಐದು ಕಿಲೋ ಸಾಲಲಿಲ್ಲ," ಎಂದಳು. "ವರ್ಷದ ದಿನಕ್ಕೆ ಹತ್ತು ಬೇಯಿಸ್ತೀನಿ. ಆಗಸ್ಟ್ ಆದ್ರೂ ಇವರು ಬರದೇ ಇರಲ್ಲ."

ಹೊರಗೆ ಇನ್ನೂರು ಜನ ಗೋಧಿ ಮೆಲ್ಲುತ್ತ, ಬೆಳಗಿನ ಪತ್ರಿಕೆ ನಿಜವೋ ಸಂಜೆಯದು ನಿಜವೋ ಎಂದು ಜಗಳ ಶುರು ಮಾಡಿದ್ದರು. ಲಾಂಬ್ರೊಸ್ ಬರುವ ಆಗಸ್ಟನ್ನು ಕಂಡ: ಇದೇ ಚರ್ಚು, ಪಾದ್ರಿ, ದೀಪ ಹಚ್ಚುವ ಮುದುಕಿ, ಬಾಗಿಲ ಕಡೆ ನೋಡುತ್ತ ನಿಂತ ಪೊಲಿಕ್ಸೆನಿ, ಹತ್ತು ಕಿಲೋ ಗೋಧಿ.

"ಬೇಯಿಸು ಅಕ್ಕ," ಎಂದ.