ಹೆಣ ಮೊದಲೋ, ಮದುವೆ ಮೊದಲೋ

ಅಂಬ್ರಪ್ಪನಿಗೆ ಸಿಟ್ಟು ಬರಲು ಸಾಮಾನ್ಯವಾಗಿ ಕಾರಣ ಬೇಕಾಗುತ್ತಿರಲಿಲ್ಲ. ಚಹಾ ಆರಿದ್ದರೂ ಬರುತ್ತಿತ್ತು, ಸುಡುತ್ತಿದ್ದರೂ ಬರುತ್ತಿತ್ತು. ಆದರೆ ಆ ಭಾನುವಾರ ಬಂದ ಸಿಟ್ಟಿಗೆ ಗಟ್ಟಿ ಕಾರಣವೇ ಇತ್ತು. ಶಹಾಪುರದ ಹೊರಗಿನ ಕಾಲುವೆ ಕ್ಯಾಂಪಿನಲ್ಲಿ, ಗುಮಾಸ್ತರ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತ ಕುಳಿತಿದ್ದ ಹೆಂಡತಿ ಸುಂದ್ರಮ್ಮ ಅವನಿಗೆ ಎದುರಾಡಿದ್ದಳು. ಅದೂ ಯಾವ ವಿಷಯದಲ್ಲಿ? ಮಹಾನಿರ್ದೇಶಕ ಚಿ. ಬಿಂಕದಕಟ್ಟಿಯವರ ಸರ್ವಶ್ರೇಷ್ಠ ಚಿತ್ರ ಯಾವುದು ಎಂಬ ವಿಷಯದಲ್ಲಿ!

ಎದುರಾಡುವುದು ಹೊಸದಲ್ಲ. ಉಪ್ಪಿನ ವಿಷಯ, ನೆಂಟರ ವಿಷಯ, ಹೆಣ್ಣುಮಕ್ಕಳಿಬ್ಬರ ಶಾಲೆಯ ವಿಷಯ, ಹೀಗೆ ಹನ್ನೊಂದು ವರ್ಷದಿಂದ ಎದುರಾಡುತ್ತಲೇ ಬಂದಿದ್ದಳು. ಅದನ್ನೆಲ್ಲ ಅವನು ಸಂಸಾರವೆಂದು ಸಹಿಸಿದ್ದ. ಆದರೆ ಬಿಂಕದಕಟ್ಟಿ ಅವನ ಸ್ವಂತ ಶೋಧ. ವಿಡಿಯೋ ಲೈಬ್ರರಿಯ ನಸೀರುದ್ದೀನ ಒಂದು ದಿನ ಧೂಳು ಹಿಡಿದ ಕ್ಯಾಸೆಟ್ಟೊಂದನ್ನು ಅವನ ಕೈಗೆ ಹಾಕಿ, "ಇದನ್ನ ಹಂಗ ಒಯ್ರಿ ಸಾಹೇಬ್ರ, ನಾಕ ವರ್ಷದಿಂದ ಯಾರೂ ಮುಟ್ಟಿಲ್ಲ" ಎಂದಿದ್ದ. ಅದು 'ಕುಂಟ ಕುದುರೆಯ ದಂಡು'. ಅಂಬ್ರಪ್ಪ ಮೂರು ಸಲ ನೋಡಿದ. (ಮೊದಲ ಸಲ ತಿಳಿಯಲಿಲ್ಲ, ಎರಡನೆಯ ಸಲ ತಿಳಿಯಲಿಲ್ಲವೆಂದು ಸಿಟ್ಟು ಬಂತು, ಮೂರನೆಯ ಸಲ ತಿಳಿಯದಿರುವುದೇ ಕಲೆ ಎಂದು ತಿಳಿಯಿತು.) ಆಮೇಲೆ ವಾರಪತ್ರಿಕೆಯೊಂದರ ಸಿನೆಮಾ ಸಂಚಿಕೆಯಲ್ಲಿ ಬಿಂಕದಕಟ್ಟಿಯವರ ಬಗ್ಗೆ ನಾಲ್ಕು ಪುಟ ಓದಿದ. ಮನುಷ್ಯ ಮೂರೇ ಸಿನೆಮಾ ತೆಗೆದು, ಮೂವರು ನಿರ್ಮಾಪಕರನ್ನು ಮುಳುಗಿಸಿ, ಈಗ ಗದಗಿನ ಕಡೆ ಯಾವುದೋ ಹಳ್ಳಿಯಲ್ಲಿ ಮೌನವಾಗಿದ್ದಾರಂತೆ. ತಿಳಿದವರು ಅವರ ಹೆಸರು ಬಂದರೆ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತಾರಂತೆ. ಅಂಬ್ರಪ್ಪ ಆ ತಿಂಗಳೇ ಕ್ಯಾಂಪಿನ ಕ್ಲಬ್ಬಿನಲ್ಲಿ 'ಬಿಂಕದಕಟ್ಟಿ ಚಿತ್ರರಸಿಕರ ಬಳಗ' ಕಟ್ಟಿದ. ಪ್ರತಿ ಭಾನುವಾರ ಸಂಜೆ ಅವನ ಭಾಷಣ. ಸೂಸಲಾ, ಮಿರ್ಚಿ ಭಜಿ ಇರುತ್ತಿದ್ದುದರಿಂದ ಮೂವತ್ತು ಜನ ರಸಿಕರೂ ಸಿಕ್ಕರು.

ಇಂಥವನ ಮುಂದೆ ಸುಂದ್ರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು: "ಕುಂಟ ಕುದುರಿ ಏನ್ ಹಚ್ಚೀರಿ? ಆ ಮನುಷ್ಯಾಂದು ಒಂದಾ ಸಿನೆಮಾ ಖರೆ ಸಿನೆಮಾ. 'ಒರಳುಕಲ್ಲಿನ ಸಾಕ್ಷಿ'. ನಾ ಲಗ್ನಕ್ಕಿಂತ ಮೊದಲ ಸುರಪುರದಾಗ ನಾಕ ಸಲ ನೋಡೀನಿ."

"ಅದಾ? ಅದು ಬರೇ ಸಾದಾ ಸಿನೆಮಾ. ನಾನೂ ಶಹಾಪುರ ಟಾಕೀಸಿನ್ಯಾಗ ನೋಡೀನಿ. ಹುಡುಗ ಹುಡುಗಿ ಕೂಡಿ ಬೆಳೀತಾರ, ಮದುವಿ ಆಗ್ತದ, ಇಂಟರ್‌ವೆಲ್ ಆಗ್ತದ. ಆಮ್ಯಾಲ ಹೊಲದ ಸಲುವಾಗಿ ಅಣ್ಣಾನಾ ತಮ್ಮನ್ನ ಹೊಡದು ಹೆಣಾ ಕೆಡವ್ತಾನ, ಕೋರ್ಟು, ಕಚೇರಿ, ಮುಗೀತು. ಅದರಾಗೇನದ?"

ಸುಂದ್ರಮ್ಮ ಕೈಯಲ್ಲಿದ್ದ ಹಿಟ್ಟನ್ನು ಕೊಣಮಿಗೆಯಲ್ಲಿ ಬಿಟ್ಟು ಅವನನ್ನೇ ನೋಡಿದಳು. "ಯಾವ ಸಿನೆಮಾ ನೋಡೀರಿ ನೀವು? ಹೆಣಾ ಮೊದಲ ಬರ್ತದ. ಕೋರ್ಟು ಆಮ್ಯಾಲ. ಮದುವಿ ಕಡೀಕ."

"ಮದುವಿ ಕಡೀಕ? ಸತ್ತಾವ ಎದ್ದು ಬಂದು ತಾಳಿ ಕಟ್ಟತಾನೇನು?"

"ಅದಾ ಅದರಾಗಿಂದು ಹೂರಣ! ಅಕ್ಕಿಕಾಳು ಬೀಳಾಗ ಹೆಣ್ಮಕ್ಕಳ ಕಡೀದು ಇಡೀ ಟೆಂಟು ಅಳತಿತ್ತು. ಆ ಹುಡುಗ ಸಾಯ್ತಾನಂತ ನಮಗ ಗೊತ್ತದ, ನಗಕೋತ ಕುಂತ ಮದಲಗಿತ್ತಿಗಿ ಗೊತ್ತಿಲ್ಲ."

ಇಲ್ಲಿ ಅಂಬ್ರಪ್ಪ ಸುಮ್ಮನಿರಬೇಕಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವನೇ ಮಕ್ಕಳಿಗೆ ಕಾಪಿ ಬರೆಸಿದ್ದ. ಆದರೂ ನಕ್ಕುಬಿಟ್ಟ.

"ಹಂಗಾದ್ರ ನಿಮ್ಮಪ್ಪ ರೀಲು ಹಿಂದ ಮುಂದ ಹಾಕ್ಯಾನ ತಗಿ!"

ಸುಂದ್ರಮ್ಮನ ಅಪ್ಪ ಯಂಕಣ್ಣ ಸುರಪುರದ ಟೆಂಟ್ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ ಸಿನೆಮಾ ಬಿಡುವ ಆಪರೇಟರ್ ಆಗಿದ್ದವನು. ಮೆಷಿನ್ನಿಗೆ ಕೈಮುಗಿಯದೆ ಒಂದು ಆಟವನ್ನೂ ಶುರು ಮಾಡಿದವನಲ್ಲ. ಮಗಳ ಪಾಲಿಗೆ ಲೋಕದಲ್ಲಿ ಸಿನೆಮಾ ಗೊತ್ತಿದ್ದ ಮನುಷ್ಯ ಅವನೊಬ್ಬನೇ. ಆ ಹೊತ್ತು ಅಡುಗೆಮನೆಯಲ್ಲಿ ರೊಟ್ಟಿ ಕರಕಾಯಿತು, ಅದನ್ನು ಅವಳು ತೆಗೆಯಲೂ ಇಲ್ಲ.

ಅಷ್ಟಕ್ಕೇ ನಿಂತಿದ್ದರೂ ಏನೋ ಆಗುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. (ಉಣ್ಣಲು ಅಡುಗೆ ಆಗಿರಬೇಕು, ಅದು ಬೇರೆ ಮಾತು.) ಆದರೆ ಹಸಿದ ಅಂಬ್ರಪ್ಪ ಸಂಜೆ ಕ್ಲಬ್ಬಿಗೆ ಹೋಗಿ, ಮೂವತ್ತು ಜನರ ಎದುರು, ಹಿಂದಿನ ಸಾಲಿನಲ್ಲಿ ಹೆಂಡತಿ ಮಕ್ಕಳು ಕುಳಿತಿದ್ದಾಗ, ಆ ಮಾತನ್ನೇ ಚಟಾಕಿ ಮಾಡಿ ಹಾರಿಸಿದ. "ನಮ್ಮ ಮಾವಾರು ಸುರಪುರದಾಗ ಸತ್ತವರಿಗೆ ಲಗ್ನ ಮಾಡಸ್ತಿದ್ರು" ಅಂದ. ಕ್ಲಬ್ಬು ಬಿದ್ದುಬಿದ್ದು ನಕ್ಕಿತು. ಸುಂದ್ರಮ್ಮ ಎದ್ದು ನಿಂತಳು.

"ಇಷ್ಟ ಮಂದಿ ಮುಂದ ನಮ್ಮಪ್ಪನ ಇಜ್ಜತ್ ತಗದೀರಿ. ಇಷ್ಟಾ ಮಂದಿ ಮುಂದ ಅದನ್ನ ವಾಪಸ್ ಕೊಡ್ರಿ. ಅಲ್ಲೀತನಕ ನಾ ನಿಮ್ಮ ಹೊಸ್ತಿಲ ತುಳ್ಯಾಂಗಿಲ್ಲ."

"ನೀ ಸುಳ್ಳ ಹೇಳಿದ್ದಕ್ಕ ನಾ ಇಜ್ಜತ್ ಕೊಡ್ಲೇನು?" ಅಂಬ್ರಪ್ಪನೂ ಕಿರುಚಿದ.

ಇಬ್ಬರ ನಡುವೆ ಬಂದವರು ಕ್ಲಬ್ಬಿನ ಕಾರ್ಯದರ್ಶಿ ಲಿಂಗಣ್ಣ ಮಾಸ್ತರರು. ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಯಾವ ಲೆಕ್ಕವೇ ಆಗಲಿ, ತಾಳೆಯಾಗದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. "ಸಿನೆಮಾ ತಗದಾವ ಇನ್ನಾ ಜೀವಂತ ಅದಾನಲ್ಲ, ಅವನ್ನಾ ಕೇಳೂನು. ಕಾಗದ ನನ್ನ ಹೆಸರಿಗಿ ಬರಲಿ. ನಿಮ್ಮಿಬ್ಬರ ಮುಂದ ಒಡದು ಓದ್ತೀನಿ. ಅವ ಏನಂತಾನ ಅದಾ ಫೈಸಲಾ" ಎಂದರು.

"ಒಪ್ಪೀನಿ! ನಾ ಸೋತ್ರ ಇದಾ ಕ್ಲಬ್ಬಿನ್ಯಾಗ ನಿಂತು ಮಾವಾರ ಮುಂದ ತಪ್ಪಾತು ಅಂತೀನಿ" ಎಂದು ಅಂಬ್ರಪ್ಪ ಎದೆ ತಟ್ಟಿಕೊಂಡ.

"ನೀವು ಗೆದ್ರ ನಾ ಸುಮ್ನ ಬರ್ತೀನಿ. ಮತ್ತ ಜನ್ಮದಾಗ ಸಿನೆಮಾದ ಮಾತ ಎತ್ತಂಗಿಲ್ಲ" ಎಂದಳು ಸುಂದ್ರಮ್ಮ. ಶಾಲೆಗೆ ರಜೆ ಬಿದ್ದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ಸುರಪುರಕ್ಕೆ ಹೋದಳು.

ಮಾಸ್ತರರು ವಾರಪತ್ರಿಕೆಯ ವಿಳಾಸಕ್ಕೆ ಬಿಂಕದಕಟ್ಟಿಯವರ ಹೆಸರಿಗೆ ಕಾಗದ ಬರೆದರು, ಅಂಬ್ರಪ್ಪ ಕುದುರೆಯ ಮೇಲಿನ ತನ್ನ ಹನ್ನೆರಡು ಪುಟವನ್ನೂ ಅದರೊಳಗೆ ತುರುಕಿದ. ಇಪ್ಪತ್ತಮೂರು ದಿನ ಉತ್ತರ ಬರಲಿಲ್ಲ. ಅಷ್ಟೂ ದಿನ ಅಂಬ್ರಪ್ಪ ಖಾನಾವಳಿಯಲ್ಲಿ ಉಂಡ, ಖಾನಾವಳಿಯವನ ಮೇಲೆ ಸಿಟ್ಟಾದ. ಪೋಸ್ಟ್‌ಮನ್ ಮೇಲೆ ಸಿಟ್ಟಾದ. ಬಟ್ಟೆ ಒಗೆದು, ಸೋಪಿನ ಮೇಲೆ ಸಿಟ್ಟಾದ. ಮಕ್ಕಳ ಗಲಾಟೆಯಿಲ್ಲದ ಮನೆಯಲ್ಲಿ ಕುದುರೆಯ ಕ್ಯಾಸೆಟ್ಟು ಹಾಕಿ ಕುಳಿತರೆ ಕುದುರೆಯ ಮೇಲೂ ಸಿಟ್ಟು ಬರುತ್ತಿತ್ತು. ಸುಂದ್ರಮ್ಮನಿಲ್ಲದೆ ಮನೆ ಮನೆಯಾಗಿರಲಿಲ್ಲ ಎಂಬುದು ಅವನಿಗೆ ಮೂರನೆಯ ದಿನವೇ ಗೊತ್ತಾಗಿತ್ತು. ಹಾಗೆಂದು ಸೋಲುವುದುಂಟೆ? ಗೆದ್ದು, ಮೆರವಣಿಗೆಯಲ್ಲಿ ಕರೆತರಬೇಕು. ತಾನು ಶಹಾಪುರದಲ್ಲಿ ಕಣ್ಣಾರೆ ಕಂಡದ್ದು ಸುಳ್ಳಾಗಲು ಸಾಧ್ಯವೇ ಇರಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಲಿಂಗಣ್ಣ ಮಾಸ್ತರರು ದಪ್ಪ ಲಕೋಟೆ ಹಿಡಿದು ಬಂದರು. ಇಬ್ಬರೂ ಅಂದೇ ಸುರಪುರದ ಬಸ್ಸು ಹತ್ತಿದರು. ಗುಡ್ಡದ ಬುಡದ ಯಂಕಣ್ಣನ ಮನೆಯಲ್ಲಿ ಮಾವ ಬೇವಿನ ನೆರಳಿಗೆ ಹಗ್ಗದ ಮಂಚದ ಮೇಲೆ ಕುಳಿತಿದ್ದ. ಅಳಿಯ ಮಾಡಿದ ಚಟಾಕಿ ಅವನ ಕಿವಿಗೂ ಮುಟ್ಟಿತ್ತು. "ಬರ್ರಿ ಅಳಿಯಾರ, ನೀರು ಕುಡೀರಿ" ಎಂದನೇ ಹೊರತು ಮುಖ ನೋಡಲಿಲ್ಲ. ಸುಂದ್ರಮ್ಮ ಬಾಗಿಲಲ್ಲಿ ನಿಂತಳು, ಅವಳಂತೂ ನೀರೂ ಕೊಡಲಿಲ್ಲ.

ಮಾಸ್ತರರು ಲಕೋಟೆ ಒಡೆದು, ಕನ್ನಡಕ ಏರಿಸಿ ಓದತೊಡಗಿದರು.

"'ಸನ್ಮಾನ್ಯ ಮಾಸ್ತರರಿಗೆ ನಮಸ್ಕಾರ. ಒರಳುಕಲ್ಲಿನ ಸಾಕ್ಷಿಯನ್ನು ನಾನು ಬರೆದದ್ದೂ ತೆಗೆದದ್ದೂ ನೇರವಾಗಿಯೇ. ಮೊದಲು ಬಾಲ್ಯ, ನಂತರ ಮದುವೆ, ಮಧ್ಯಂತರವಾದ ಮೇಲೆ ಹೆಣ, ಕೋರ್ಟು. ಆದ್ದರಿಂದ ಶಹಾಪುರದಲ್ಲಿ ತೋರಿಸಿದ್ದೇ ಸರಿ.'"

ಅಂಬ್ರಪ್ಪ ಕುಳಿತಲ್ಲಿಂದ ಜಿಗಿದ. "ಕೇಳೀರಿ? ಕೇಳೀರಿ? ನಾ ಹೇಳಿದ್ದಿಲ್ಲ? ಸುಂದ್ರೀ, ಗಂಟು ಕಟ್ಟು! ಮಾವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಗಲತ್ ಎಲ್ಲಾರ ಕೈಲೂ ಆಗ್ತದ, ಆದ್ರ ನಿಮ್ಮ ಮಗಳ ಹಟಾ ನೋಡ್ರಿ!"

ಸುಂದ್ರಮ್ಮ ಸೆರಗಿನ ತುದಿ ಹಿಡಿದು ಅಪ್ಪನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿದ ಅಂಬ್ರಪ್ಪನಿಗೆ ಗೆದ್ದ ಖುಷಿ ಅರ್ಧ ಇಳಿಯಿತು. ಇಳಿಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

"ಕೂಡ್ರಿ ಅಂಬ್ರಪ್ಪ, ಇನ್ನಾ ಒಂದೂವರಿ ಪುಟ ಅದ" ಎಂದರು ಮಾಸ್ತರರು.

"'ಆ ಕ್ರಮದಲ್ಲಿ ಸಿನೆಮಾ ಬೆಂಗಳೂರಿನಲ್ಲಿ ನಾಲ್ಕು ದಿನ ಓಡಿತು. ನಾಲ್ಕನೆಯ ದಿನ ಥಿಯೇಟರಿನಲ್ಲಿ ನಾನೊಬ್ಬನೇ ಇದ್ದೆ, ನಾನೂ ನಿದ್ದೆ ಹೋದೆ. ಮುಂದಿನ ವರ್ಷ ಗುಲಬರ್ಗಾದಲ್ಲಿ ಯಾರೋ ಚಿತ್ರೋತ್ಸವ ಮಾಡಿದರು. ಸುರಪುರದಲ್ಲಿ ಓಡಿದ ಪ್ರಿಂಟನ್ನೇ ತರಿಸಿದ್ದರು. ರೀಲಿನ ಡಬ್ಬಿಗಳ ಮೇಲಿನ ನಂಬರು ಒರೆಸಿ, ಬಿಳಿ ಬಣ್ಣದಲ್ಲಿ ಬೇರೆ ನಂಬರು ಬರೆದಿತ್ತು. ಆ ನಂಬರಿನಂತೆಯೇ ತೋರಿಸಿದರು. ನಾನು ಬೈಯಲೆಂದು ಎದ್ದವನು ನಿಂತುಕೊಂಡೇ ಉಳಿದೆ. ಹೆಣ ಕಂಡ ಮೇಲೆ ಮದುವೆ ಬಂತು. ಅಕ್ಷತೆ ಬೀಳುವಾಗ ನಾನು ಅತ್ತುಬಿಟ್ಟೆ. ನನ್ನ ಸಿನೆಮಾ ನೋಡಿ ನಾನು ಅತ್ತದ್ದು ಅದೊಂದೇ ಸಲ.

ವಿಮರ್ಶಕರು ನನ್ನನ್ನು ದೊಡ್ಡವನೆಂದದ್ದು ಆ ದಿನದಿಂದ. ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡು ಆ ಹೊಗಳಿಕೆ ತಿಂದಿದ್ದೇನೆ, ಇನ್ನು ಅರಗುವುದಿಲ್ಲ. ನನ್ನ ಶ್ರೇಷ್ಠ ಚಿತ್ರ ಯಾವುದೆಂದು ಕೇಳಿದ್ದೀರಿ. ಒರಳುಕಲ್ಲೇ. ಆದರೆ ಅದು ನನ್ನದಲ್ಲ, ಆ ನಂಬರು ಬರೆದವನದು. ಆತ ನಿಮ್ಮ ಕಡೆಯವನಾಗಿದ್ದರೆ ಅವನ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸಿ. ಕುದುರೆಯ ಸಿನೆಮಾದ ಬಗ್ಗೆ ನಿಮ್ಮ ಸ್ನೇಹಿತರು ಬರೆದಿರುವ ಹನ್ನೆರಡು ಪುಟ ಓದಿದೆ. ಅದರಲ್ಲಿ ಅಷ್ಟೆಲ್ಲ ಇಲ್ಲ.'"

ಮಾಸ್ತರರು ಕಾಗದ ಮಡಚಿದರು. ಅಂಬ್ರಪ್ಪ ಮಾವನ ಕಡೆ ತಿರುಗಿದ. ಅವನ ದನಿ ಈಗ ಬೇರೆಯವರದ್ದಾಗಿತ್ತು.

"ಮಾವಾರ, ಆ ನಂಬರ..."

"ನಾನಾ ಬರದಿದ್ದೆ" ಎಂದ ಯಂಕಣ್ಣ. "ಎರಡೂರಿಗಿ ಒಂದಾ ಪ್ರಿಂಟು. ಶಹಾಪುರದಾಗ ಹಗಲಾಟ ಮುಗದ ಮ್ಯಾಲ ನಮ್ಮ ಟೆಂಟಿನ ಖಾಜಾಹುಸೇನ ಫಟಫಟಿ ಮ್ಯಾಲ ಡಬ್ಬಿ ತರ್ತಿದ್ದ, ಅರ್ಧ ಅರ್ಧ, ಎರಡು ಖೇಪು. ಮೊದಲನೇ ದಿನ ಅವಸರದಾಗ ಮ್ಯಾಲಿದ್ದ ಡಬ್ಬಿ ತಂದ. ನೋಡ್ತೀನಿ, ಇಂಟರ್‌ವೆಲ್ ಆದ ಮ್ಯಾಲಿನವು! ಉಳದದ್ದು ತರಾಕ ಹೋದ. ಅಷ್ಟರಾಗ ಹೊಸಾ ಕಾಲುವಿಗಿ ನೀರು ಬಂದು ಕಚ್ಚಾ ರಸ್ತಾ ಮುಳಗೇತಿ. ಅವ ಆ ದಂಡಿ, ನಾ ಈ ದಂಡಿ. ಟೆಂಟಿನ್ಯಾಗ ಮಂದಿ ಖುರ್ಚಿ ಎತ್ತಿ ಒಗ್ಯಾಕತ್ತಿದ್ರು. ಇದ್ದದ್ದಾ ಬಿಟ್ಟೆ. ಅದು ಮುಗಿಯೂದ್ರಾಗ ಅವ ಸುತ್ತ ಹಾಕಿ ಉಳದ ಡಬ್ಬಿ ತಂದ, ಮದುವಿ ಆಮ್ಯಾಲ ಬಿಟ್ಟೆ, ಇಡೀ ಟೆಂಟು ಅಳಾಕತ್ತು."

"ಹಂಗಾದ್ರ ಅದು ಕಾಲುವಿ ಮಾಡಿದ್ದು!" ಅಂಬ್ರಪ್ಪ ಮುಳುಗುವವನಂತೆ ಹುಲ್ಲುಕಡ್ಡಿ ಹಿಡಿದ.

ಆಗ ಯಂಕಣ್ಣನಿಗೆ ಮೊದಲ ಸಲ ಸಿಟ್ಟು ಬಂತು. "ಮೊದಲನೇ ದಿನ ಕಾಲುವಿ ಮಾಡೇತಿ. ಎರಡನೇ ದಿನ ಡಬ್ಬಿ ಬರಾಬರ್ ಬಂದ್ವು, ಬರಾಬರ್ ಬಿಟ್ಟೆ. ಮಂದಿ ಮದುವಿ ನಡದಾಗ ಬೀಡಿ ಸೇದಾಕ ಹೊರಗ ಹೋದ್ರು. ನಾ ಕಿಂಡ್ಯಾಗಿಂದ ಸಿನೆಮಾ ನೋಡಾಂವ ಅಲ್ರಿ, ಮಂದಿ ಮಾರಿ ನೋಡಾಂವ. ಮೂರನೇ ದಿನ ತಿಳದಾ ಹೆಣಾ ಮೊದಲ ಹಾಕಿ, ನಂಬರ ಬರದೆ. ಮೂರು ವಾರ ಓಡ್ತು."

ಸುಂದ್ರಮ್ಮ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಗಂಡನ ಮುಂದಿಟ್ಟಳು. "ಕುಡೀರಿ. ಭಾನುವಾರ ಭಾಳ ಮಾತಾಡೂದದ."

ಭಾನುವಾರ ಕ್ಲಬ್ಬು ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಯಂಕಣ್ಣ, ಪಕ್ಕದಲ್ಲಿ ಸುಂದ್ರಮ್ಮ, ಹೆಣ್ಣುಮಕ್ಕಳು. ಅಂಬ್ರಪ್ಪ ರಾತ್ರಿಯೆಲ್ಲ ಕುಳಿತು ಹದಿನಾರು ಹಾಳೆ ಬರೆದಿದ್ದ. ತಪ್ಪೊಪ್ಪಿಗೆಯನ್ನೂ ಘನತೆಯಿಂದ ಮಾಡಬೇಕಲ್ಲ! ವಿಶ್ವ ಸಿನೆಮಾದಿಂದ ಹಿಡಿದ. ಅಲ್ಲಿಂದ ಭಾರತಕ್ಕೆ, ಭಾರತದಿಂದ ಕರ್ನಾಟಕಕ್ಕೆ ಬಂದ. ಕಾಲದ ಪರಿಕಲ್ಪನೆ ಎಂದ, ನೇರ ನಿರೂಪಣೆಯ ಮಿತಿ ಎಂದ. ಐದನೆಯ ಹಾಳೆಗೆ ಸೂಸಲಾ ಮುಗಿಯಿತು. ಏಳನೆಯ ಹಾಳೆಗೆ ಹಿಂದಿನ ಸಾಲು ಚಪ್ಪಲಿ ಹುಡುಕತೊಡಗಿತು. ಒಂಬತ್ತನೆಯ ಹಾಳೆಗೆ ಲಿಂಗಣ್ಣ ಮಾಸ್ತರರ ತಲೆ ಎದೆಗೆ ಬಿತ್ತು. ಸುಂದ್ರಮ್ಮನ ಹುಬ್ಬು ಮೇಲೇರುತ್ತಿತ್ತು. ಅಂಬ್ರಪ್ಪ ಬೆವರುತ್ತ ಹತ್ತನೆಯ ಹಾಳೆ ತಿರುವಿದ.

ಯಂಕಣ್ಣ ಕುಳಿತಲ್ಲಿಂದ ಹಿಂತಿರುಗಿ ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಕೈಯೆತ್ತಿದ.

"ಅಳಿಯಾರ, ಜರಾ ನಿಂದರ್ರಿ. ತಪ್ಪಾತು ಅನ್ನೂದು ಎಷ್ಟನೇ ಹಾಳ್ಯಾಗ ಅದ?"

"ಹದಿನಾರನೇದ್ರಾಗ, ಮಾವಾರ."

"ಅದನ್ನ ಮೊದಲ ಹಾಕ್ರಿ."

ಅಂಬ್ರಪ್ಪ ಹೆಂಡತಿಯನ್ನು ನೋಡಿದ. ಅವಳು ನಗಲಿಲ್ಲ, ಬರೇ ಹೂಂ ಎಂಬಂತೆ ತಲೆ ಆಡಿಸಿದಳು. ಅವನು ಕಟ್ಟಿನ ತಳದಿಂದ ಕೊನೆಯ ಹಾಳೆ ಎಳೆದು ಮೇಲಿಟ್ಟುಕೊಂಡು, ಮೊದಲಿನಿಂದ ಶುರು ಮಾಡಿದ. "ತಪ್ಪಾತ್ರಿ ಮಾವಾರ. ಸಿನೆಮಾ ನಿಮಗ ಗೊತ್ತದ, ನನಗ ಗೊತ್ತಿಲ್ಲ."

ಚಪ್ಪಲಿ ಮೆಟ್ಟಿದ್ದವರೆಲ್ಲ ಬಿಟ್ಟು ಒಳಗೆ ಬಂದು ಕುಳಿತರು. ಉಳಿದ ಹದಿನೈದು ಹಾಳೆ ಮುಗಿಯುವ ತನಕ ಒಬ್ಬರೂ ಏಳಲಿಲ್ಲ.