ಬಾಂಬರ್ ವಿಮಾನಕ್ಕೊಂದು ಆಯೇರಿ

ಸಣ್ಣ ಊರಿಗೆ ದೊಡ್ಡ ವಸ್ತು ಬಂದಾಗ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ನಮ್ಮ ಅಫಜಲಪುರಕ್ಕೆ ಮೊದಲ ಟಿ.ವಿ. ಬಂದಾಗ ಆಯಿತು, ರೋಡ್ ರೋಲರ್ ಬಂದಾಗ ಆಯಿತು. ಇನ್ನು ಬಾಂಬರ್ ವಿಮಾನ ಬಂದಾಗ ಆಗದೆ ಇರುತ್ತದೆಯೇ?

ಎಂಬತ್ತರ ದಶಕದ ಕೊನೆಯ ಮಾತು. ಯುದ್ಧ ಕಂಡು ಮುದಿಯಾದ ಜೆಟ್ ಬಾಂಬರುಗಳನ್ನು ವಾಯುಪಡೆಯವರು ಒಂದೊಂದಾಗಿ ನಿವೃತ್ತಿಗೊಳಿಸುತ್ತಿದ್ದರು. ಹೆಚ್ಚಿನವು ಒಡೆಸಿಕೊಂಡು ಗುಜರಿಗೆ ಹೋಗುತ್ತಿದ್ದವು. ಪುಣ್ಯ ಮಾಡಿದ ಕೆಲವು ಯಾವುದಾದರೂ ಊರಿನ ಕಟ್ಟೆ ಏರಿ ನಿಲ್ಲುತ್ತಿದ್ದವು. ಅಂಥದ್ದೊಂದು ನಮಗೂ ಬೇಕು ಎಂದು ಊರಲ್ಲಿ ಕಮಿಟಿ ಆಯಿತು. ನಾನು ಹೈಸ್ಕೂಲಿನ ಹಿಂದಿ ಟೀಚರ್. ಮಾತಾಡುವ ಹಿಂದಿ ನಮ್ಮೂರಲ್ಲಿ ಎಮ್ಮೆ ಕಾಯುವವರಿಗೂ ಬರುತ್ತದೆ. ಆದರೆ ವಾಯುಪಡೆಗೆ ಅರ್ಜಿ ಬರೆಯಬೇಕು ಎಂದಾಗ ಎಲ್ಲರೂ ನನ್ನ ಮುಖ ನೋಡಿದರು. ಹಾಗೆ ನಾನು ಕಾರ್ಯದರ್ಶಿಯಾದೆ.

ಆದರೆ ಆ ವಿಮಾನ ನಿಜವಾಗಿ ಬೇಕಾಗಿದ್ದದ್ದು ಒಬ್ಬರಿಗೇ. ಅವರು ನಮ್ಮ ಓಣಿಯ ಪೈಲಟ್ ಕಾಕಾ. ಕಾಕಾ ಪೈಲಟ್ ಅಲ್ಲ. ವಾಯುಪಡೆಯಲ್ಲಿ ಬಾಂಬರಿನ ಹೊಟ್ಟೆಗೆ ಬಾಂಬು ಜೋಡಿಸುವುದು ಅವರ ಕೆಲಸವಾಗಿತ್ತು. ನಮ್ಮ ಕಡೆ ಒಬ್ಬ ಪ್ಯೂನ್ ನಿವೃತ್ತನಾದರೂ ಹಲಗೆ ಬಾರಿಸಿ, ಜೀಪಿನಲ್ಲಿ ಮೆರೆಸಿ, ಗಂಡಹೆಂಡತಿಯನ್ನು ಜೋಡಿ ಖುರ್ಚಿಯಲ್ಲಿ ಕೂಡಿಸಿ ಆಯೇರಿ ಮಾಡುತ್ತೇವೆ. ಆಯೇರಿ ಎಂದರೆ ಬಟ್ಟೆಯ ಉಡುಗೊರೆ: ಅವನಿಗೆ ಧೋತರ, ರುಮಾಲು, ಅವಳಿಗೆ ಸೀರೆ, ಕುಬಸ. ಕಾಕಾ ಮಾತ್ರ ಮಧ್ಯಾಹ್ನದ ಬಸ್ಸಿನಿಂದ ಟ್ರಂಕು ಹೊತ್ತು ಇಳಿದು ಮನೆಗೆ ನಡೆದು ಬಂದಿದ್ದರು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ, ನಮ್ಮೆಲ್ಲರ ಕಾಕು, ತಲೆ ಎತ್ತಿ, ಈ ಸಲ ರಜಾ ಎಷ್ಟು ದಿನ ಎಂದು ಕೇಳಿದರಂತೆ.

ಅದಾದ ಮೇಲೆ ಚಹಾದ ಹೋಟೆಲಿನಲ್ಲಿ ಕಾಕಾ ಬಾಂಬರಿನ ಕಥೆ ತೆಗೆದಾಗಲೆಲ್ಲ ಮಂದಿ ನಕ್ಕು, ಹೌದಪ್ಪಾ, ನೀನೇ ಪೈಲಟ್ ಎನ್ನುತ್ತಿದ್ದರು. ಆ ಹೆಸರು ಮೈಗಂಟಿಕೊಂಡಿತು. ಬಾಂಬರ್ ಊರಿಗೆ ಬಂದು ನಿಲ್ಲದಿದ್ದರೆ ಅವರು ಸಾಯುವ ತನಕ ಸುಳ್ಳು ಪೈಲಟ್ ಆಗಿಯೇ ಉಳಿಯುತ್ತಿದ್ದರು. ನನಗೆ ಆ ಹೋಟೆಲಿನ ನಗು ಕಂಡರೆ ಮೈ ಉರಿಯುತ್ತಿತ್ತು.

ಕುಂದ್ರಲಿ ಬಿಡ್ರಿ

ಒಂದು ವಿಮಾನ, ಕೇಳುವ ತಾಲೂಕು ಮೂರು. ಆಳಂದ, ಜೇವರ್ಗಿ, ಅಫಜಲಪುರ ಮೂರನ್ನೂ ಗುಲ್ಬರ್ಗಾಕ್ಕೆ ಕರೆಸಿ, ವಾಯುಪಡೆಯ ಒಬ್ಬ ಸಾಹೇಬರು ಒಂದೇ ಪ್ರಶ್ನೆ ಕೇಳಿದರು: ವಿಮಾನ ಕೊಟ್ಟರೆ ಅದನ್ನು ಏನು ಮಾಡುತ್ತೀರಿ?

ಆಳಂದದವರು ಬಣ್ಣದ ನಕ್ಷೆ ತಂದಿದ್ದರು. ವಿಮಾನದ ಒಳಗೆ ವಾಚನಾಲಯ ಮಾಡುತ್ತಾರಂತೆ. ಜೇವರ್ಗಿಯವರು ಅದಕ್ಕೂ ಒಂದು ಕೈ ಮೇಲೆ. ಸುತ್ತಲೂ ಉದ್ಯಾನ, ಕಾರಂಜಿ, ರೆಕ್ಕೆಯ ಕೆಳಗೆ ಮಕ್ಕಳಿಗೆ ಜೋಕಾಲಿ. ನಮ್ಮ ಸರದಿ ಬಂದಾಗ ತಹಶೀಲ್ದಾರರಿಗೆ ಎಲ್ಲಿಲ್ಲದ ಕೆಮ್ಮು ಹತ್ತಿತು. ನನ್ನತ್ತ ಕೈ ಮಾಡಿದರು. ನಾನು ಮನೆಯಲ್ಲಿ ಬಾಯಿಪಾಠ ಮಾಡಿದ್ದ ಹಿಂದಿ ಭಾಷಣ ಮೊದಲ ಸಾಲಿಗೇ ಕೈಕೊಟ್ಟಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕಾಕಾ ಎದ್ದು ನಿಂತು, ಬರುವ ಹಿಂದಿಯನ್ನೂ ಮರೆತು ಊರ ಮಾತಿನಲ್ಲೇ ಹೇಳಿದರು.

"ನಾವೇನೂ ಮಾಡಂಗಿಲ್ರಿ ಸಾಹೇಬ್ರ. ಅದು ದುಡದು ರಿಟೈರ್ ಆಗ್ಯಾದ. ಕುಂದ್ರಲಿ ಬಿಡ್ರಿ."

ನಾನು ಅದನ್ನು ಅಂಜುತ್ತ ಅಂಜುತ್ತ ಹಿಂದಿಗೆ ತಿರುಗಿಸಿದೆ. ಆಳಂದದವರು ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ಸಾಹೇಬರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಕಾಕಾನನ್ನೇ ನೋಡಿ, ವಿಮಾನ ಅಫಜಲಪುರಕ್ಕೆ ಎಂದು ಹೇಳಿ ಎದ್ದುಬಿಟ್ಟರು. ಒಂದೇ ಷರತ್ತು: ತಾವು ಕುರ್ಚಿ ಬಿಡುವುದರೊಳಗೆ ಅದು ಕಟ್ಟೆ ಏರಬೇಕು. ಮುಂದೆ ಬರುವವರ ಮನಸ್ಸು ಹೇಗೋ, ಗುಜರಿಗೆ ಹಾಕಿದರೂ ಹಾಕಿಯಾರು.

ಹೊರಗೆ ಚಹಾ ಕುಡಿಯುವಾಗ ಗುಟ್ಟು ತಿಳಿಯಿತು. ಸಾಹೇಬರೂ ಆ ಚಳಿಗಾಲಕ್ಕೇ ನಿವೃತ್ತರಾಗುವವರು. ಮನೆಯಲ್ಲಿ ಹೆಂಡತಿ ಆಗಲೇ ಅವರಿಗೆ ತರಕಾರಿ ತರುವುದು, ಹಿತ್ತಿಲು ಅಗೆಯುವುದು, ಮೊಮ್ಮಗನನ್ನು ಸಾಲೆಗೆ ಬಿಡುವುದು ಎಂದು ಕೆಲಸ ಗೊತ್ತುಮಾಡಿ ಇಟ್ಟಿದ್ದರಂತೆ. ನಮ್ಮಿಬ್ಬರಲ್ಲಿ ವಿಮಾನವಾದರೂ ಸುಮ್ಮನೆ ಕೂರಲಿ ಎಂದರು ಸಾಹೇಬರು.

ಆಳಂದದ ಕಡಬು

ರೆಕ್ಕೆ ಬಿಚ್ಚಿಸಿಕೊಂಡ ವಿಮಾನ ಎರಡು ಉದ್ದನೆಯ ಟ್ರೇಲರುಗಳ ಮೇಲೆ ಹೊರಟಿತು. ಬರುವ ಹಾದಿಯಲ್ಲಿ ಆಳಂದ. ಬಂದ ದಿನ ಎಳ್ಳಮಾವಾಸ್ಯೆ.

ಅಂದು ನಮ್ಮ ಸೀಮೆಯಲ್ಲಿ ಊರಿನಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತಾರೆ. ಹಾದಿಯಲ್ಲಿ ಹೋಗುವವರು ವೈರಿಯಾದರೂ ಸರಿ, ಕೂಗಿ ಕರೆದು ಉಣ್ಣಿಸದೆ ಕಳಿಸುವ ಹಾಗಿಲ್ಲ. ವಿಮಾನ ಕೈತಪ್ಪಿದ್ದಕ್ಕೆ ಆಳಂದದವರಿಗೆ ಹೊಟ್ಟೆಯಲ್ಲಿ ಸಂಕಟವಿತ್ತು. ಹಾಗೆಂದು ಅವರು ಕಲ್ಲು ಹೊಡೆಯಲಿಲ್ಲ, ರಸ್ತೆಗೆ ಅಡ್ಡ ಮಲಗಲಿಲ್ಲ. ಬರ್ರಿ, ಒಂದು ತುತ್ತು ಉಂಡು ಹೋಗ್ರಿ ಎಂದರು. ಅಷ್ಟೇ.

ಡ್ರೈವರುಗಳು ಉತ್ತರದ ಕಡೆಯವರು. ಒಂದು ಹೊಲದಲ್ಲಿ ಕಾಳು, ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಏಳುವುದರೊಳಗೆ ಪಕ್ಕದ ಹೊಲದವರು, ಅವರಲ್ಲಿ ಉಂಡು ನಮ್ಮಲ್ಲಿ ಬರದಿದ್ದರೆ ಹೇಗೆ ಎಂದು ಕೈ ಹಿಡಿದರು. ಅಲ್ಲಿ ಕಡಬು, ಅದರಾಚೆ ಶೇಂಗಾದ ಹೋಳಿಗೆ, ಅದರಾಚೆ ಅಂಬಲಿ. ಸಂಜೆಗೆ ಬಾಂಬರ್ ಒಂದು ಬೇವಿನ ಗಿಡದ ನೆರಳಲ್ಲಿ, ಡ್ರೈವರುಗಳು ಇನ್ನೊಂದರ ನೆರಳಲ್ಲಿ ಬಿದ್ದಿದ್ದರು. ಮರುದಿನವೂ ಅದೇ ಕಥೆ. ಉಳಿದದ್ದನ್ನು ಮುಗಿಸದೆ ಬಿಟ್ಟರೆ ಹೊಲಕ್ಕೆ ಒಳ್ಳೆಯದಲ್ಲ ಎಂದರಂತೆ. ಅಂಥ ಶಾಸ್ತ್ರ ನಾನಂತೂ ಎಲ್ಲೂ ಕೇಳಿಲ್ಲ.

ನಮಗೆ ಸುದ್ದಿ ಮುಟ್ಟಿದಾಗ ಕಾಕಾನ ಮುಖ ಬಿಳಿಚಿಕೊಂಡಿತು. ಸಾಹೇಬರ ನಿವೃತ್ತಿ ತಲೆಯ ಮೇಲಿತ್ತು. ಇಬ್ಬರೂ ಸಿಕ್ಕ ಬಸ್ಸು ಹಿಡಿದು ಆಳಂದಕ್ಕೆ ಹೋದೆವು. ನಾನು ಜಗಳಕ್ಕೆ ಸೆರಗು ಕಟ್ಟಿಯೇ ಬಸ್ಸಿಳಿದೆ. ಆದರೆ ಅವರು ಜಗಳಕ್ಕೆ ಬಾಯಿ ತೆಗೆಯಲು ಬಿಡಬೇಕಲ್ಲ. ತೆಗೆದ ಬಾಯಿಗೆ ಕಡಬು ಇಟ್ಟರು. ಅಂಬಲಿ ಕುಡಿದ ಮೇಲೆ ನನಗೆ ಯಾಕೆ ಬಂದಿದ್ದೇನೆ ಎಂಬುದೇ ಮಸುಕಾಯಿತು. ನಾವೂ ಬೇವಿನ ಗಿಡ ಹುಡುಕಿಕೊಂಡೆವು.

ಕೊನೆಗೆ ಎದ್ದವರು ಕಾಕಾ. ಎಲ್ಲರನ್ನೂ ಎಬ್ಬಿಸಿ, ಮುಖಕ್ಕೆ ನೀರು ಹಾಕಿಸಿ ಟ್ರೇಲರು ಹೊರಡಿಸಿದರು. ಹಿರಿಯ ಡ್ರೈವರ್ ಹೊಟ್ಟೆ ನೀವಿಕೊಳ್ಳುತ್ತ ಹಿಂದಿಯಲ್ಲಿ ಹೇಳಿದ ಮಾತು ಇನ್ನೂ ನೆನಪಿದೆ: ಈ ವಿಮಾನವನ್ನು ಯುದ್ಧದಲ್ಲಿ ವೈರಿಗೆ ಕೆಡವಲು ಆಗಲಿಲ್ಲ, ಆಳಂದದವರು ಬರೀ ಕಡಬಿನಿಂದ ಕೆಡವಿದರು.

ಮೂಗು ಯಾವ ಕಡೆ?

ನಾಲ್ಕು ರಸ್ತೆ ಕೂಡುವಲ್ಲಿ ಕಟ್ಟೆ ಸಿದ್ಧವಿತ್ತು. ಕ್ರೇನು ವಿಮಾನವನ್ನು ಎತ್ತಿ ಇಟ್ಟಿತು, ರೆಕ್ಕೆ ಜೋಡಿಸಿದರು. ಮೂಗು ಜೇವರ್ಗಿಯ ಕಡೆ ಬಂತು. ಯಾರೂ ಬೇಕೆಂದು ಮಾಡಿದ್ದಲ್ಲ, ಕ್ರೇನು ನಿಲ್ಲಲು ಜಾಗವಿದ್ದದ್ದು ಹಾಗೆ.

ಮರುದಿನ ಬೆಳಿಗ್ಗೆ ನನ್ನ ಮನೆ ಬಾಗಿಲಲ್ಲಿ ಬೀಗರು. ನನ್ನ ದೊಡ್ಡ ಮಗಳನ್ನು ಕೊಟ್ಟದ್ದು ಜೇವರ್ಗಿಗೆ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಹೆಣ್ಣ ಕೊಟ್ಟ ಊರಿಗಿ ಬಾಂಬರ್ ತಿರುವಿ ನಿಲ್ಲಸೀರಲ್ರಿ ಟೀಚರ್ರ. ನಮ್ಮಿಂದೇನ ತಪ್ಪಾಗ್ಯಾದ ಹೇಳ್ರಿ."

ಬೀಗರ ಮನಸ್ಸು ನೋಯಿಸಿದರೆ ಹೇಗೆ, ನನ್ನ ಮಗಳು ಅಲ್ಲಿ ಬಾಳಬೇಕಲ್ಲ. ಕಮಿಟಿಯವರ ಕೈಕಾಲು ಹಿಡಿದು, ಹೋಗಲು ನಿಂತಿದ್ದ ಕ್ರೇನನ್ನು ನಿಲ್ಲಿಸಿ ವಿಮಾನ ತಿರುಗಿಸಿದೆ. ಮಧ್ಯಾಹ್ನ ಊಟಕ್ಕೆ ಕೂಡುವ ಮುಂಚೆ ಬೀಗರು ಮತ್ತೆ ಹೋಗಿ ನೋಡಿ ಬಂದರು. ಮೂಗು ಆ ಕಡೆ ಹೋದರೆ ಬಾಲ ಈ ಕಡೆ ಬರಲೇಬೇಕಲ್ಲ. ಮೊದಲು ಮುಖವಾದರೂ ಇತ್ತು, ಈಗ ಬೆನ್ನು ತಿರುವಿದಿರಿ ಎಂದು ಅವರು ಚಪ್ಪಲಿ ಮೆಟ್ಟಿದರು. ಕಾಡಿ ಬೇಡಿ ಅವರನ್ನು ಮತ್ತೆ ಕಟ್ಟೆಗೆ ಕರೆತಂದೆ. ಇನ್ನೊಂದು ಕಡೆ ತಿರುಗಿಸೋಣವೆಂದರೆ ಅದು ಆಳಂದದ ದಿಕ್ಕು, ಉಂಡ ಕಡಬು ಇನ್ನೂ ಕರಗಿರಲಿಲ್ಲ. ಉಳಿದದ್ದು ತಹಶೀಲ್ದಾರರ ಕಚೇರಿ. ಅವರಂತೂ, ಬೇಕಾದರೆ ನನ್ನನ್ನು ವರ್ಗ ಮಾಡಿಸಿ, ಇದು ಬೇಡ ಎಂದು ಕೈ ಮುಗಿದರು. ಒಬ್ಬ ಜಾಣ ಮೂಗನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿ ಎಂದ. ದೇವರಿಗೇ ಗುರಿ ಇಡಬೇಕೇ ಎಂದು ಅವನ ತಾಯಿಯೇ ಗದರಿಸಿದಳು. ಕ್ರೇನಿನವನು ಸಂಜೆಯಾದರೆ ಹೊರಟುಬಿಡುತ್ತೇನೆ ಎನ್ನುತ್ತಿದ್ದ. ಕಾಕಾ ಕಟ್ಟೆಯ ಮೂಲೆಯಲ್ಲಿ ತಲೆ ಹಿಡಿದು ಕೂತಿದ್ದರು.

ಅವರಿಗೆ ಬುತ್ತಿ ತಂದ ಕಾಕು ಈ ಗದ್ದಲವನ್ನೆಲ್ಲ ನಿಂತು ಕೇಳಿದರು. ಆಮೇಲೆ ಬೀಗರ ಮುಂದೆ ಬಂದರು.

"ಇದರ ಮೂಗಿನ್ಯಾಗ ಏನೂ ಇಲ್ರಿ ಅಣ್ಣಾರ. ಬಾಂಬ ಬೀಳೂದು ಹೊಟ್ಟ್ಯಾಗಿಂದ, ನೆಟ್ಟಗ ಕೆಳಗ. ಲಗ್ನ ಆದಾಗಿಂದ ಇದ ಪಾಠ ಕೇಳೀನಿ."

ಬೀಗರು ಕಾಕಾನತ್ತ ನೋಡಿದರು. ಕಾಕಾ ತಲೆ ಆಡಿಸಿದರು. ಆಗ ಬೀಗರ ಮುಖ ಅರಳಿತು, ಮೂಗು ಮತ್ತೆ ಜೇವರ್ಗಿಯ ಕಡೆಗೇ ಬರಲಿ, ಎದುರುಗೊಂಡ ಹಾಗಾಗುತ್ತದೆ ಎಂದು ಒಪ್ಪಿ, ಕ್ರೇನು ಅದನ್ನು ತಿರುಗಿಸಿಟ್ಟ ಮೇಲೆ ನಮ್ಮಲ್ಲಿ ಎರಡು ಹೊತ್ತು ಉಂಡರು. ವಿಮಾನ ಬಂದಾಗಿನಿಂದ ಅದರ ಹೊಟ್ಟೆಯ ನೆರಳಲ್ಲಿ ಇಸ್ಪೀಟು ಹರವಿಕೊಂಡಿದ್ದ ಗುಂಪು ಮಾತ್ರ ಕಾಕುನ ಮಾತು ಕೇಳಿದ್ದೇ ಎಲೆಗಳನ್ನೂ ಬಿಟ್ಟು ಎದ್ದು ಹೋಯಿತು.

ಜೋಡಿ ಖುರ್ಚಿ

ಸರ್ಕಾರದ ಕಾಗದದಲ್ಲಿ ಅದು ಉದ್ಘಾಟನೆ. ಆದರೆ ನಿವೃತ್ತರಾದವರಿಗೆ ನಮ್ಮೂರಿಗೆ ಗೊತ್ತಿರುವುದು ಒಂದೇ ಕಾರ್ಯಕ್ರಮ. ಮೂರು ರುಮಾಲು ಗಂಟು ಹಾಕಿ ವಿಮಾನದ ಮೂಗಿಗೆ ಪಟಗ ಸುತ್ತಿದರು. ಶಾಲು ಸಾಲದೆ ಕಲ್ಯಾಣ ಮಂಟಪದ ಜಮಖಾನೆ ಹೊದಿಸಿದರು. ಹಲಗೆ ಬಂತು. ವೇದಿಕೆಯ ಮೇಲೆ ರೂಢಿಯ ಪ್ರಕಾರ ಜೋಡಿ ಖುರ್ಚಿ, ತಟ್ಟೆಯಲ್ಲಿ ಆಯೇರಿ: ಧೋತರ, ರುಮಾಲು, ಹಸಿರು ಇಳಕಲ್ ಸೀರೆ. ಗುಲ್ಬರ್ಗಾದ ಆ ಸಾಹೇಬರೂ ನಗುನಗುತ್ತ ಮುಂದೆ ಕೂತಿದ್ದರು. ಅವರ ಕುರ್ಚಿ ಉಳಿದಿರುವಾಗಲೇ ವಿಮಾನ ಕಟ್ಟೆ ಏರಿತ್ತು.

ನಮ್ಮ ಹೆಡ್‌ಮಾಸ್ತರರು ಇಂಥ ನೂರಾರು ಸಮಾರಂಭ ನಡೆಸಿದವರು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು: ಈಗ ನಿವೃತ್ತರು ಪತ್ನೀಸಮೇತರಾಗಿ ವೇದಿಕೆಗೆ ಬರಬೇಕು.

ಎಲ್ಲರೂ ವಿಮಾನದ ಕಡೆ ನೋಡಿದರು. ವಿಮಾನ ಕದಲಲಿಲ್ಲ.

ಜೋಡಿ ಖುರ್ಚಿ ಖಾಲಿ ಬಿಟ್ಟು ಆಯೇರಿ ಮಾಡುವುದು ಅಪಶಕುನ. ವಿಮಾನದ ಪರವಾಗಿ ಯಾರಾದರೂ ಕೂಡಬೇಕು ಎಂದರು ಹಿರಿಯರು. ಕಾಕಾ ಅರ್ಧ ಎದ್ದರು. ಆಗ ಹೋಟೆಲಿನ ಗುಂಪಿನ ಒಬ್ಬ ಹಿಂದಿನಿಂದ ಕೂಗಿದ. "ಪೈಲಟ್ ಬ್ಯಾಡ್ರಿ. ಖರೇನ ಇದರಾಗ ದುಡದಾನೋ, ಬರೇ ಕಥಿ ಹೇಳ್ಯಾನೋ, ಯಾರ ಕಂಡಾರ?"

ಮಂದಿ ನಕ್ಕರು. ಕಾಕಾ ಹಾಗೆಯೇ ಕೆಳಗೆ ಕೂತರು. ಇಷ್ಟೆಲ್ಲ ಮಾಡಿ ಕೊನೆಗೆ ಇದಕ್ಕೇ ಬಂತಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಮೈಕಿನಲ್ಲಿ ನಾಲ್ಕು ಮಾತು ಝಾಡಿಸಬೇಕೆಂದು ನಾನು ಎದ್ದೆ. ನನಗಿಂತ ಮುಂಚೆ ಕಾಕು ಮೈಕಿನ ಮುಂದೆ ಇದ್ದರು.

"ನಾ ಕಂಡೀನಿ. ಲಗ್ನ ಆದ ವರ್ಷದಿಂದ ಈಕಿ ನನ್ನ ಸವತಿ. ಚೊಚ್ಚಲ ಮಗ ಹುಟ್ಟ್ಯಾನಂತ ರಜಾ ಹಾಕಿ ಬಂದ್ರು. ತೊಟ್ಟಲಾ ಬಗ್ಗಿ ನೋಡಿ ಏನಂದ್ರು ಗೊತ್ತದೇನು? ನಮ್ಮ ವಿಮಾನದ ಹೊಟ್ಟಿ ಬಾಗಲಾ ಜಾಮ್ ಆಗ್ಯಾದ ಅಂದ್ರು."

ಕಾಕು ಸೆರಗಿನಿಂದ ವಿಮಾನದ ಕಡೆ ತೋರಿಸಿದರು.

"ರಿಟೈರ್ ಆಗಿ ಬಂದ್ರು, ಇನ್ನರೆ ಆಕಿ ಬಿಟ್ಟಳು ಅನ್ಕೊಂಡೆ. ತಾನೂ ರಿಟೈರ್ ಆಗಿ ಬೆನ್ನ ಹತ್ತಿ ಊರಿಗೇ ಬಂದು ಕುಂತಾಳ. ಇನ್ನ ಯಾವ ಸಾಕ್ಷಿ ಬೇಕ್ರಿ ನಿಮಗ?"

ಹೆಂಡತಿಯೇ ಊರ ಮುಂದೆ ಸವತಿಯನ್ನು ಒಪ್ಪಿಕೊಂಡ ಮೇಲೆ ಯಾವ ಕೋರ್ಟು ಏನು ಕೇಳೀತು? ಮೊದಲು ಚಪ್ಪಾಳೆ ಹೊಡೆದವನು ಹಿಂದೆ ಕೂತು ಕೂಗಿದವನೇ. ನಾನು ಅಷ್ಟನ್ನೂ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಎದ್ದು ವಿಮಾನಕ್ಕೊಂದು ಸೆಲ್ಯೂಟ್ ಹೊಡೆದರು, ತಿರುಗಿ ಕಾಕುಗೆ ಅದಕ್ಕಿಂತ ಗಟ್ಟಿಯಾಗಿ ಇನ್ನೊಂದು.

ಕಾಕಾನನ್ನು ಎತ್ತಿಕೊಂಡೇ ಬಂದು ಖುರ್ಚಿಯಲ್ಲಿ ಕೂಡಿಸಿದರು. ಕಾಕು ಪಕ್ಕದಲ್ಲಿ ಕೂತರು. ರುಮಾಲು ಕಾಕಾನ ತಲೆಗೇರಿತು. ಬಸ್ಸಿನಿಂದ ಇಳಿದ ದಿನ ಆಗಬೇಕಾಗಿದ್ದದ್ದು ಅಂದು ಆಯಿತು, ಕಾಕಾ ಮುಚ್ಚುಮರೆ ಇಲ್ಲದೆ ಅತ್ತರು. ಇನ್ನು ಸೀರೆ. ಹೆಡ್‌ಮಾಸ್ತರರು ತಟ್ಟೆ ಹಿಡಿದು, ಇದು ವಿಮಾನದ ಹೆಸರಿನಲ್ಲಿ ತಂದದ್ದು ಎಂದು ತಡವರಿಸಿದರು. ಕಾಕು ಕೈ ಚಾಚಿ ತೆಗೆದುಕೊಂಡರು.

"ದೊಡ್ಡಾಕಿ ನಾನು. ಮೊದಲ ನನಗ."

ಅಂದಿನಿಂದ ಊರಲ್ಲಿ ಪೈಲಟ್ ಎಂಬ ಹೆಸರು ಅಳಿಸಿಯೇ ಹೋಯಿತು. ಕಾಕಾ ದಿನಾ ಬಟ್ಟೆಯ ತುಂಡು ಹಿಡಿದು ವಿಮಾನ ಒರೆಸಲು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮನೆಗೆ ಬಂದು ಕಾಕಾ ಎಲ್ಲಿ ಎಂದು ಕೇಳಿದರೆ, ಕಾಕು ಹಸಿರು ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ಹೇಳುತ್ತಿದ್ದರು:

"ಸಣ್ಣಾಕಿ ಮನಿಗಿ ಹೋಗ್ಯಾರ್ರಿ. ಉಣ್ಣೂ ಹೊತ್ತಿಗಿ ಬರ್ತಾರ."