ಬ್ಯಾಟರಿಗೆ ಹಚ್ಚಿದ ಇಭೂತಿ

ಲಾರಿ ವಿಷಯದಾಗ ನನಗ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹಂಗಂತ ನಾನಽ ತಿಳಕೊಂಡಿದ್ದೆ! ಯುದ್ಧ ಮುಗಿಸಿ ಲಿಲಾವಿಗೆ ಬಂದ ಹಳೇ ಮಿಲಿಟರಿ ಲಾರಿ ಸವಾಲು ಕೂಗಿ ಕೊಂಡಿದ್ದೆ. ಹೆಂಡತಿ ನೀಲವ್ವನ ತಮ್ಮನ ದಿಬ್ಬಣಾನೂ ಅದರಾಗಽ ಒಯ್ಯತೇನಿ ಅಂತ ಮೀಸಿ ತಿರುವಿದೆ. ಕನ್ನೊಳ್ಳಿಯಿಂದ ಬಾಗೇವಾಡಿಗೆ. ಮಧ್ಯಾಹ್ನಕ್ಕ ಅಕ್ಕಿಕಾಳು ಹಾಕೋ ಮುಹೂರ್ತ. ಮುಹೂರ್ತ ಮೀರಿದರ ಹೆಣ್ಣು ಕೊಡಾಂಗಿಲ್ಲ ಅಂತ ಹುಡುಗಿ ಸ್ವಾದರಮಾವ ಮೊದಲಽ ಗುಡುಗಿದ್ದ.

ಬಾಗೇವಾಡಿ ಇನ್ನೇನು ಬಂತು ಅನ್ನೋದರಾಗ ದಾರಿಗೆ ಕುರಿ ಅಡ್ಡ ಬಂದುವು. ಬ್ರೇಕ್ ಹಾಕಿ ಹಾರ್ನ್ ಒತ್ತಿದೆ. ‘ಪೋಂ’ ಅಂದದ್ದು ಅರ್ಧಕ್ಕಽ ನಿಂತಿತು. ಇಂಜಿನ್ ಆರಿತು. ದೀಪಾನೂ ಹತ್ತವಲ್ಲದು. ಲಾರಿ ಗಪ್‌ಚಿಪ್!

ನನಗೋ ಭಾರಿ ಕುತೂಹಲ. ಸದರಿ ಕರೆಂಟ್ ಎಲ್ಲಿ ಹೋತು? ಫ್ಯೂಸ್ ನೋಡಿದೆ, ಸುಟ್ಟಿರಲಿಲ್ಲ. ವೈರ್ ಒಂದೊಂದಽ ಜಗ್ಗಿ ನೋಡಿದೆ, ಒಂದು ಕೈಗಽ ಬಂತು! ಅದನ್ನ ಮತ್ತ ಕಟ್ಟಿ, ಎಣ್ಣಿ ಕೈ ಸಿಕ್ಕ ಅರಿವಿಗೆ ಒರಸಿದೆ. ಅದು ಮದಿಮಗನ ರುಮಾಲ!

"ಮಾಮಾ, ಲಗ್ನ ನಂದೈತ್ರಿ!" ಅಂದ ಮದಿಮಗ, ಅಳೋ ದನಿಯೊಳಗ.

"ತಡಿಯೋ, ಇದು ಶೋಧನೆ! ಶಾಸ್ತ್ರೋಕ್ತ ಆಗಬೇಕು."

ನೀಲವ್ವ ಕೆಳಗ ಇಳದು ಬಂದಳು. "ಬ್ಯಾಟರಿ ನೋಡೀರೇನು?"

"ಅದಕ್ಕೇನಾಗ್ತೈತಿ? ಮುಂಜಾನೆ ನಾನಽ ವೈರ್ ಬಿಚ್ಚಿ, ಎರಡೂ ಸೀಸದ ಗುಬುಟಿಗೆ ಹಸಿ ಇಭೂತಿ ದಪ್ಪಗ ಬಳದು, ಪೂಜಿ ಮಾಡಿ, ಮತ್ತ ಬಿಗದೇನಿ. ಲಗ್ನದ ಗಾಡಿ ಅಲ್ಲೇನು?"

ಹೇಳಿ ಮುಗಿಸೋದರಾಗ ನನಗಽ ಹೊಳೀತು. ಹಸಿ ಇದ್ದಾಗ ಕರೆಂಟ್ ಹೆಂಗೋ ಹರದಿತ್ತು. ಬಿಸಿಲಿಗೆ ಇಭೂತಿ ಒಣಗಿ, ನಡುವ ಗ್ವಾಡಿ ಕಟ್ಟಿದಂಗ ಆಗಿತ್ತು! ನೀಲವ್ವ ವೈರ್ ಬಿಚ್ಚಿಸಿ, ಇಭೂತಿ ಎಲ್ಲಾ ಕೆರೆದು ಕೆರೆದು ಉದುರಿಸಿದಳು. ನಾ ವೈರ್ ಮತ್ತ ಬಿಗದೆ.

ಸ್ಟಾರ್ಟರ್ ಮ್ಯಾಲೆ ನನಗ ನಂಬಿಗಿ ಹೋಗಿತ್ತು. ನೀಲವ್ವನ್ನ ಬಾಜೂಕ ಹತ್ತಿಸಿಕೊಂಡು, "ಉಳದವರೆಲ್ಲಾ ಇಳದು ನೂಕ್ರಿ!" ಅಂದೆ. ನೂಕಿದರು. ಲಾರಿ ಚಾಲೂ ಆತು! ನಾ ಬಿಟ್ಟೆ ನೋಡ್ರಿ, ಭರ್ರಂತ!

"ನಿಂದ್ರಸ್ರಿ! ಮಂದಿ ಹಿಂದ ಉಳದಾರ!" ಬಾಜೂಕ ಕೂತ ನೀಲವ್ವ ಚೀರಿದಳು.

"ನಿಂದ್ರಿಸಿದರ ಮತ್ತ ಆರ್ತೈತಿ!"

ಹಂದರದ ಮುಂದಽ ಬ್ರೇಕ್ ಹಾಕಿದೆ. ಬೀಗರು ಬಾಜಾ ಬಾರಿಸ್ಕೊಂತ, ಆರತಿ ಹಿಡಕೊಂಡು ಓಡಿ ಬಂದರು. ಹೊಳ್ಳಿ ನೋಡತೇನಿ, ಲಾರ್ಯಾಗ ಬರೇ ಬುತ್ತಿ ಗಂಟು. ಮದಿಮಗನೂ ನೂಕಾಕ ಇಳದಿದ್ದ!

ಪುಣ್ಯಾಕ್ಕ ಅವ ಯಾರದೋ ಚಕ್ಕಡಿ ಹತ್ತಿ, ಮುಹೂರ್ತ ಮೀರೂದರಾಗ ಬಂದ. ಅಕ್ಕಿಕಾಳು ಬಿದ್ದುವು. ಹೋದ ಜೀವ ತಿರುಗಿ ಬಂತು.

ಬೀಗರ ಕಡೆ ಒಬ್ಬ ಮುದುಕಿ ನನ್ನತ್ತ ಬೆರಳು ಮಾಡಿ ನೀಲವ್ವನ್ನ ಕೇಳಿದಳು, "ಮದಿಮಗನ್ನ ದಾರ್ಯಾಗ ಬಿಟ್ಟು ಬಂದ ಆ ಶಾಣ್ಯಾ ಯಾರವ್ವಾ? ನಿಮ್ಮವರೇನು?"

ನೀಲವ್ವ ಸೆರಗು ಸರಿ ಮಾಡಿಕೊಂಡಳು. "ಅಯ್ಯ, ಅಲ್ರಿ ಆಯಿ. ಬಾಡಿಗಿ ಡ್ರೈವರ್."

ನಾನೂ ಹೌದ್ಹೌದಂತ ಗೋಣು ಹಾಕಿ, ಹೋಗಿ ಗಾಡಿ ಹೊಡಿಯೋರ ಸಾಲಿನ್ಯಾಗ ಊಟಕ್ಕ ಕೂತೆ.